ಕೊನೆಯ ಇಪ್ಪತ್ತು ಅಡಿ

ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಹೆಚ್ಚು ಖರ್ಚಾಗುವುದು ಗೋಧಿಯ ಬಿಯರ್. ಹೆಫೆವೈಜನ್ ಎಂಬ ಹೆಸರು ಬಾಯಲ್ಲಿ ತಿರುಗದವರು ಕೂಡ ‘ವೀಟ್ ಬಿಯರ್ ಕೊಡಿ’ ಅನ್ನುತ್ತಾರೆ. ಮೂಲ ಜರ್ಮನಿಯ ಬವೇರಿಯಾ. ಸರಿಯಾಗಿ ತಯಾರಿಸಿ ಸರಿಯಾಗಿ ಸುರಿದಿದ್ದರೆ ಮೂಗಿಗೆ ಮೊದಲು ತಾಗುವುದು ಮಾಗಿದ ಬಾಳೆಹಣ್ಣು, ಅದರ ಹಿಂದೆಯೇ ಲವಂಗ. ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಅದರೊಳಗೆ ಹಾಕಿರುವುದಿಲ್ಲ, ಎರಡೂ ಯೀಸ್ಟಿನ ಕರಾಮತ್ತು. ಬಾಳೆಹಣ್ಣಿಗೆ ಅದರ ವಾಸನೆ ಕೊಡುವ ಐಸೋಅಮೈಲ್ ಅಸಿಟೇಟ್ ಎಂಬ ಪದಾರ್ಥವನ್ನೇ ಈ ಯೀಸ್ಟೂ ತಯಾರಿಸುತ್ತದೆ. ಮೇಲೆ ಎರಡು ಬೆರಳು ನೊರೆ, ಮಬ್ಬು ಹಳದಿ ಬಣ್ಣ, ನಾಲಗೆಗೆ ಮೆತ್ತನೆಯ ಭಾರ. ಸಾಸಿವೆ ಒಗ್ಗರಣೆಯ ಕಡಲೆ ಉಸಲಿಯ ಜೊತೆಗೂ ಹೊಂದುವಂಥ ಬಿಯರ್ ಅದು.

ಅದೇ ಬಿಯರ್ ಇನ್ನೊಂದು ಸಂಜೆ, ಇನ್ನೊಂದು ಹೋಟೆಲಿನಲ್ಲಿ, ಕೆಲವೊಮ್ಮೆ ಅದೇ ಹೋಟೆಲಿನಲ್ಲೇ ಬೇರೆ ವೇಷದಲ್ಲಿ ಬರುತ್ತದೆ. ನೊರೆ ಟೇಬಲ್ ತಲುಪುವ ಮೊದಲೇ ಇಳಿದಿರುತ್ತದೆ. ಬಾಳೆಹಣ್ಣಿನ ಜಾಗದಲ್ಲಿ ನೆನೆದ ರಟ್ಟಿನ ಮುಗ್ಗಲು, ಇಲ್ಲವೇ ಬೆಣ್ಣೆ ಹಾಕಿದ ಪಾಪ್‌ಕಾರ್ನ್, ಇಲ್ಲವೇ ಗಂಟಲಿನ ಹಿಂಬದಿಗೆ ಚುಚ್ಚುವ ವಿನೆಗರ್. ವೇಟರನ್ನು ಕರೆದು ಕೇಳಿದರೆ ಸಿಗುವ ಉತ್ತರ ಊರಿಗೆಲ್ಲ ಒಂದೇ: “ಕ್ರಾಫ್ಟ್ ಬಿಯರ್ ಅಲ್ವಾ ಸರ್, ಅದು ಹಂಗೇ ಇರೋದು.”

ನನ್ನ ತಕರಾರು ಇರುವುದು ಈ ಉತ್ತರದ ಮೇಲೆ. ಅದು ಹಾಗೆ ಇರಬೇಕಾದದ್ದಲ್ಲ. ರಟ್ಟಿನ ವಾಸನೆಗೂ ಬೆಣ್ಣೆಗೂ ವಿನೆಗರಿಗೂ ಒಂದೊಂದು ಕಾರಣವಿದೆ, ಪ್ರತಿ ಕಾರಣವೂ ಹತ್ತಾರು ವರ್ಷಗಳಿಂದ ಗೊತ್ತಿರುವಂಥದ್ದು. ಬಹುಪಾಲು ಸಲ ತಪ್ಪು ನಡೆಯುವುದು ಬಿಯರ್ ಕಾಯಿಸುವ ಕಡಾಯಿಯಲ್ಲಿ ಅಲ್ಲ. ಪೀಪಾಯಿಗೂ ಗ್ಲಾಸಿಗೂ ನಡುವಿನ ಕೊನೆಯ ಇಪ್ಪತ್ತು ಅಡಿಯಲ್ಲಿ.

ಬೆಂಗಳೂರಿಗೆ ಬಿಯರ್ ಹೊಸದಲ್ಲ. ಕಂಟೋನ್ಮೆಂಟಿನ ಸಿಪಾಯಿಗಳಿಗೆ ಎತ್ತಿನ ಗಾಡಿಗಳಲ್ಲಿ ಪೀಪಾಯಿಗಳು ಹೋಗುತ್ತಿದ್ದ ಕಾಲವಿತ್ತು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಇವತ್ತು ಯುಬಿ ಸಿಟಿಯ ಗಾಜಿನ ಗೋಪುರಗಳು ನಿಂತಿರುವುದು ಹಳೆಯ ಬ್ರೂವರಿಯ ಜಾಗದಲ್ಲೇ. 1980ರ ದಶಕದಲ್ಲಿ ಪಬ್‌ಗಳು ಬಂದವು, 1989ರಿಂದ ಇರುವ ಪೆಕೋಸ್‌ನಂಥವು ಈಗಲೂ ಇವೆ. ಆ ಕಾಲದ ಡ್ರಾಟ್ ಬಿಯರಿನ ಬಗ್ಗೆ ಹಿರಿಯ ಗೆಳೆಯರು ಕಣ್ಣರಳಿಸಿ ಮಾತಾಡುವಾಗ ನೆನಪಿಗೆ ಸಕ್ಕರೆ ಬೆರೆತಿರಬಹುದು ಅನ್ನಿಸುತ್ತದೆ, ಆದರೆ ಅದರಲ್ಲಿ ಒಂದು ನಿಜವೂ ಇದೆ. ಆಗ ಇದ್ದದ್ದು ಒಂದೋ ಎರಡೋ ನಲ್ಲಿ, ಒಂದೇ ಲಾಗರ್, ಪಿಚರ್ ಮೇಲೆ ಪಿಚರ್. ಪೀಪಾಯಿ ಖಾಲಿಯಾಗುವ ವೇಗದಲ್ಲಿ ಬಿಯರಿಗೆ ಹಳಸಲು ಪುರುಸೊತ್ತೇ ಇರುತ್ತಿರಲಿಲ್ಲ.

2010ರ ಆಸುಪಾಸಿನಲ್ಲಿ ಕಥೆ ಬದಲಾಯಿತು. ಇಂದಿರಾನಗರದಲ್ಲಿ ಟಾಯ್ಟ್, ಲ್ಯಾವೆಲ್ ರಸ್ತೆಯ ಕಡೆ ಬಿಯರ್ ಕ್ಲಬ್, 2012ರಲ್ಲಿ ಮೆಗ್ರಾತ್ ರಸ್ತೆಯಲ್ಲಿ ಆರ್ಬರ್, ವೈಟ್‌ಫೀಲ್ಡಿನಲ್ಲಿ ವಿಂಡ್‌ಮಿಲ್ಸ್. ಆಮೇಲೆ ಹೆಣ್ಣೂರು, ಸರ್ಜಾಪುರ ಎಂದು ಹೊರವಲಯದ ಎಕರೆಗಟ್ಟಲೆ ಜಾಗಗಳಿಗೂ ತಾಮ್ರ-ಸ್ಟೀಲಿನ ಹಂಡೆಗಳು ಬಂದವು. ಮೈಕ್ರೋಬ್ರೂವರಿ ಪರವಾನಗಿಯ ತಿರುಳು ಇಷ್ಟೇ: ಅಲ್ಲೇ ತಯಾರಿಸಿ, ಅಲ್ಲೇ ಮಾರಿ. ಸರ್ಕಾರ ಅದನ್ನು ಬರೆದದ್ದು ಸುಂಕದ ಲೆಕ್ಕಕ್ಕೆ. ಆದರೆ ಗ್ರಾಹಕನಿಗೆ ಗೊತ್ತಿಲ್ಲದೆಯೇ ಒಂದು ಉಪಕಾರವಾಯಿತು. ಗಾಜಿನ ಗೋಡೆಯ ಆಚೆ ಕಾಣುವ ಟ್ಯಾಂಕಿನಿಂದ ಬಿಯರ್ ನೇರ ನಲ್ಲಿಗೆ ಬರುತ್ತದೆ. ಲಾರಿ ಇಲ್ಲ, ಗೋದಾಮು ಇಲ್ಲ, ಬಿಸಿಲಿಲ್ಲ.

ಈ ಬಿಯರ್ ಎಷ್ಟು ಬೇಗ ಕೆಡುವ ಪದಾರ್ಥ ಎಂಬುದು 2020ರ ಮಾರ್ಚಿನಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಲಾಕ್‌ಡೌನ್ ಬಂದಾಗ ಟ್ಯಾಂಕುಗಳೆಲ್ಲ ತುಂಬಿದ್ದವು. ಕಾರ್ಖಾನೆಯ ಬಾಟಲಿ ಬಿಯರಿನ ಹಾಗೆ ಪಾಶ್ಚರೀಕರಿಸಿದ್ದಲ್ಲ, ಸೋಸಿದ್ದೂ ಅಲ್ಲ. ಎಷ್ಟೋ ಕಡೆ ಮೋರಿಗೆ ಬಿಡಬೇಕಾಯಿತು. ಆಮೇಲೆ ಪಾರ್ಸೆಲ್ ಕೊಡಲು ತಾತ್ಕಾಲಿಕ ಅನುಮತಿ ಸಿಕ್ಕಿತು, ಜನ ಸ್ಟೀಲು ಪಾತ್ರೆ, ಗಾಜಿನ ಜಾಡಿ ಹಿಡಿದು ಸಾಲಿನಲ್ಲಿ ನಿಂತರು.

ಈಗ ಇನ್ನೊಂದು ಬಗೆಯೂ ಬೆಳೆದಿದೆ. ಊರಾಚೆ ಬ್ರೂವರಿ ಕಟ್ಟಿ ಕೆಗ್‌ಗಳಲ್ಲಿ ಬಿಯರ್ ತುಂಬಿಸಿ ಹೋಟೆಲುಗಳಿಗೆ ಕಳಿಸುವುದು. ಬೆಂಗಳೂರಿನ ಗೈಸ್ಟ್ ಹೀಗೆ ಮಾಡುತ್ತದೆ, ಪುಣೆಯಲ್ಲಿ 2009ರಲ್ಲಿ ಶುರುವಾದ ಡೂಲಾಲಿ ಮಹಾರಾಷ್ಟ್ರದ ಬೇರೆ ನಿಯಮಗಳಡಿ ತನ್ನದೇ ಟ್ಯಾಪ್‌ರೂಮುಗಳಿಗೆ ಸಾಗಿಸುತ್ತದೆ. ಬ್ರೂವರಿ ಇಲ್ಲದ ಇಟಾಲಿಯನ್ ಹೋಟೆಲಿನಲ್ಲೂ, ಬರ್ಗರ್ ಅಂಗಡಿಯಲ್ಲೂ ಒಳ್ಳೆಯ ಬಿಯರ್ ಸಿಗುವುದು ಸಂತೋಷದ ವಿಷಯ. ಆದರೆ ಕೆಗ್ ಬ್ರೂವರಿಯ ಗೇಟು ದಾಟಿದ ಕ್ಷಣದಿಂದ ಅದರ ಯೋಗಕ್ಷೇಮ, ಬಿಯರಿನ ಬಗ್ಗೆ ಏನೇನೂ ಗೊತ್ತಿರಬೇಕಿಲ್ಲದ ಜನರ ಕೈಗೆ ಹೋಗುತ್ತದೆ.

ಬಿಯರಿನ ಶತ್ರುಗಳು ಮೂರು: ಶಾಖ, ಗಾಳಿ, ಬೆಳಕು. ಶಾಖದ ಬಗ್ಗೆ ಬ್ರೂವರ್‌ಗಳ ನಡುವೆ ಒಂದು ಬಾಯಿಲೆಕ್ಕ ಓಡಾಡುತ್ತದೆ. 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ. ಮೂರರಲ್ಲೂ ಬಿಯರಿಗಾಗುವ ವಯಸ್ಸು ಹೆಚ್ಚುಕಡಿಮೆ ಒಂದೇ. ಕಟ್ಟುನಿಟ್ಟಾದ ವಿಜ್ಞಾನವಲ್ಲ, ಅಂದಾಜು. ಆದರೂ ಏಪ್ರಿಲ್ ತಿಂಗಳಲ್ಲಿ ಕಲಬುರಗಿಗೋ ಬಳ್ಳಾರಿಗೋ ಹೊರಟ ಲಾರಿಯನ್ನು ನೆನೆದುಕೊಂಡು ಈ ಲೆಕ್ಕ ಓದಿ. ಅಷ್ಟು ದೂರ ಯಾಕೆ, ಬೆಂಗಳೂರಿನಲ್ಲೇ ಕೆಗ್ ಬಂದಿಳಿಯುವ ಹೊತ್ತಿಗೆ ಮಧ್ಯಾಹ್ನದ ಊಟದ ಗಲಾಟೆ, ಸಹಿ ಹಾಕುವವರು ಒಳಗಿರುತ್ತಾರೆ, ಕೆಗ್ ಹಿಂಬಾಗಿಲಲ್ಲಿ ಜನರೇಟರಿನ ಪಕ್ಕ ಕೂತಿರುತ್ತದೆ. ಪಾಶ್ಚರೀಕರಿಸದ ಬಿಯರಿನ ಕೆಗ್‌ಗೆ ಸದಾ ತಂಪಿನಲ್ಲಿಟ್ಟರೂ ಒಂದೂವರೆ ಎರಡು ತಿಂಗಳ ಆಯುಷ್ಯ ಎಂಬುದು ಸಾಮಾನ್ಯ ಲೆಕ್ಕ. ಮೊಸರಿನ ಕ್ರೇಟಿಗೆ ಫ್ರಿಜ್ಜಿನಲ್ಲಿ ಜಾಗ ಹುಡುಕುವ ಅಡುಗೆಮನೆ, ಕೆಗ್ಗನ್ನು ಗ್ಯಾಸ್ ಸಿಲಿಂಡರಿನ ಸಾಲಿಗೆ ಸೇರಿಸಿಬಿಡುತ್ತದೆ.

ಗಾಳಿಯದು ನಿಧಾನ ವಿಷ. ಆಮ್ಲಜನಕ ಸೋಕಿದ ಬಿಯರಿನಲ್ಲಿ ದಿನ ಕಳೆದಂತೆ ಆ ನೆನೆದ ರಟ್ಟಿನ ವಾಸನೆ ಮೇಲೇಳುತ್ತದೆ. ಹಾಪ್ಸ್ ಹೂವಿನ ಘಮದ ಮೇಲೇ ಬದುಕಿರುವ ಐಪಿಎ ಎಂಬ ಬಗೆಯ ಬಿಯರಿಗೆ ಇದು ಹೆಚ್ಚು ಕ್ರೂರಿ. ಮಾವು, ಚಕ್ಕೋತ, ಪೈನ್ ಮರದ ವಾಸನೆಗಳೆಲ್ಲ ಮೊದಲು ಮಾಯವಾಗಿ ಬರೀ ಕಹಿ ಉಳಿಯುತ್ತದೆ. ಅಮೆರಿಕದ ಸ್ಟೋನ್ ಬ್ರೂಯಿಂಗ್ ಕಂಪನಿ ತನ್ನ ಒಂದು ಐಪಿಎಗೆ ‘ಈ ತಾರೀಖಿನೊಳಗೆ ಕುಡಿಯಿರಿ’ ಎಂದೇ ಹೆಸರಿಟ್ಟು, ತಾರೀಖನ್ನೂ ಆ ಹೆಸರಿನಲ್ಲೇ ಸೇರಿಸಿದ್ದು ಈ ಕಾರಣಕ್ಕೆ. ಇಲ್ಲಿ ಅನೇಕರು ‘ಐಪಿಎ ನನಗೆ ಆಗಲ್ಲ, ಕಹಿ’ ಅನ್ನುತ್ತಾರೆ. ಅವರು ಕುಡಿದದ್ದು ಐಪಿಎಯ ಅಸ್ಥಿಯನ್ನೇನೋ! ಬೆಳಕಿನ ವಿಷಯ ಬಾಟಲಿಗೆ ಸಂಬಂಧಿಸಿದ್ದು. ಹಸಿರು ಅಥವಾ ಬಿಳಿ ಗಾಜಿನ ಬಾಟಲಿಯನ್ನು ಬಿಸಿಲಿಗೋ ಟ್ಯೂಬ್‌ಲೈಟಿನ ಷೋಕೇಸಿಗೋ ಒಡ್ಡಿದರೆ ಹಾಪ್ಸಿನ ಅಂಶ ಒಡೆದು ನಾರುತ್ತದೆ. ಕಂದು ಗಾಜು, ಡಬ್ಬಿಗಳು ಮೇಲು ಅನ್ನುವುದು ಅದಕ್ಕೇ.

ಇನ್ನು ಪೈಪು. ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲೇ, ಯಾಕೆಂದರೆ ಮೆನುವಿನಲ್ಲಿ ಮಾಲ್ಟು ಜರ್ಮನಿಯದು, ಹಾಪ್ಸು ಅಮೆರಿಕದ್ದು, ಕಾಫಿ ಚಿಕ್ಕಮಗಳೂರಿನದು ಎಂದೆಲ್ಲ ಬರೆಯುವವರು ಪೈಪಿನ ಬಗ್ಗೆ ಒಂದಕ್ಷರ ಬರೆಯುವುದಿಲ್ಲ. ಕೆಗ್ಗಿನಿಂದ ನಲ್ಲಿಯವರೆಗೆ ಓಡುವ ಪ್ಲಾಸ್ಟಿಕ್ ಪೈಪನ್ನು ಬಾರಿನವರು ಲೈನ್ ಅನ್ನುತ್ತಾರೆ. ಬಿಯರ್ ಹರಿದ ಕಡೆಯಲ್ಲೆಲ್ಲ ಯೀಸ್ಟು, ಬ್ಯಾಕ್ಟೀರಿಯಾ ಕೂತು ಲೋಳೆ ಕಟ್ಟುತ್ತವೆ. ಕ್ಯಾಲ್ಸಿಯಂ ಆಕ್ಸಲೇಟ್ ಗಟ್ಟಿಯಾಗಿ ಪದರ ಕಟ್ಟುತ್ತದೆ, ಅದಕ್ಕೆ ಬಿಯರ್ ಕಲ್ಲು ಅಂತಲೇ ಹೆಸರು. ಆ ಕಲ್ಲಿನ ಸಂದುಗಳಲ್ಲಿ ಮತ್ತೆ ಬ್ಯಾಕ್ಟೀರಿಯಾ. ಒಂದು ಬಗೆ ಬೆಣ್ಣೆಯ ವಾಸನೆ ಹೊರಡಿಸುತ್ತದೆ, ಗಾಳಿ ತಾಗುವ ನಲ್ಲಿಯ ಬಾಯಲ್ಲಿ ಕೂರುವ ಇನ್ನೊಂದು ಬಗೆ ವಿನೆಗರ್ ಮಾಡುತ್ತದೆ. ಇವು ಕುಡಿದವರನ್ನು ಆಸ್ಪತ್ರೆಗೆ ಕಳಿಸುವ ಬ್ಯಾಕ್ಟೀರಿಯಾಗಳಲ್ಲ. ಬಿಯರಿನ ಆಮ್ಲ, ಆಲ್ಕೋಹಾಲ್, ಹಾಪ್ಸುಗಳ ನಡುವೆ ಅಂಥವು ಬದುಕುವುದು ಕಷ್ಟ. ಬಹುಶಃ ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಅಮೆರಿಕದ ಬ್ರೂವರ್‌ಗಳ ಸಂಘದ ಕೈಪಿಡಿ ಹೇಳುವುದು ಸ್ಪಷ್ಟವಾಗಿದೆ. 14 ದಿನಕ್ಕೊಮ್ಮೆ ಲೈನನ್ನು ಕಾಸ್ಟಿಕ್ ದ್ರಾವಣದಿಂದ ತೊಳೆಯಬೇಕು, ನಲ್ಲಿಯನ್ನು ಬಿಚ್ಚಿ ಉಜ್ಜಬೇಕು, ಮೂರು ತಿಂಗಳಿಗೊಮ್ಮೆ ಆಮ್ಲ ಹಾಯಿಸಿ ಆ ಕಲ್ಲನ್ನು ಕರಗಿಸಬೇಕು. ಇದಕ್ಕೆ ರಾಕೆಟ್ ವಿಜ್ಞಾನಿ ಬೇಡ, ಒಬ್ಬ ಹುಡುಗ, ಒಂದು ಪಂಪು, ಅರ್ಧ ದಿನ ಸಾಕು. ಆದರೆ ತೊಳೆಯುವಾಗ ಪೈಪಿನಲ್ಲಿರುವ ಬಿಯರನ್ನು ಚೆಲ್ಲಬೇಕು. ಹೋಟೆಲಿನ ಮ್ಯಾನೇಜರಿಗೆ ಅದು ಖರ್ಚು, ಹೊಟ್ಟೆ ಉರಿ. ಹಾಗಾಗಿ ಹದಿನಾಲ್ಕು ದಿನ ತಿಂಗಳಾಗುತ್ತದೆ, ತಿಂಗಳು ‘ಕಂಪನಿಯವರು ಬಂದಾಗ’ ಆಗುತ್ತದೆ.

ಪೈಪಿನಲ್ಲಿ ನಿಲ್ಲುವ ಬಿಯರ್ ಎಷ್ಟು? ಒಳವ್ಯಾಸ 6 ಮಿಲಿಮೀಟರ್ ಇರುವ ಇಪ್ಪತ್ತು ಅಡಿ ಪೈಪಿನಲ್ಲಿ ಸುಮಾರು 170 ಮಿಲಿಲೀಟರ್. ಅಂದರೆ ರಾತ್ರಿ ಬಾಗಿಲು ಹಾಕಿದ ಹೊತ್ತಿನಿಂದ ಮರುದಿನ ಮಧ್ಯಾಹ್ನದವರೆಗೆ ಪೈಪಿನಲ್ಲೇ, ಬಹಳಷ್ಟು ಕಡೆ ತಂಪಿಲ್ಲದ ಪೈಪಿನಲ್ಲಿ, ತಂಗಿದ ಬಿಯರು ಮೊದಲ 330 ಮಿಲಿಲೀಟರ್ ಗ್ಲಾಸಿನ ಅರ್ಧ ಭಾಗವಾಗಿ ಯಾರದೋ ಟೇಬಲಿಗೆ ಹೋಗುತ್ತದೆ. ಟ್ಯಾಂಕು ಕೆಳಗಿದ್ದು ಬಾರು ಮೂರನೇ ಮಹಡಿಯಲ್ಲಿದ್ದರೆ ಪೈಪು ನೂರು ಅಡಿ, ನಿಲ್ಲುವ ಬಿಯರ್ ಮುಕ್ಕಾಲು ಲೀಟರಿಗೂ ಮಿಗಿಲು. ಒಳ್ಳೆಯ ಬಾರ್‌ಗಳು ಅದನ್ನು ಬೆಳಗ್ಗೆ ಚೆಲ್ಲುತ್ತವೆ. ಉಳಿದವು ಹ್ಯಾಪಿ ಅವರ್ ಇಡುತ್ತವೆ, ಎಂದು ನನ್ನೊಬ್ಬ ಕಿಡಿಗೇಡಿ ಗೆಳೆಯನ ವಾದ.

ಇದಕ್ಕೆ ನಲ್ಲಿಗಳ ಸಂಖ್ಯೆಯ ಮೋಹ ಸೇರಿಕೊಂಡಿದೆ. ಹಿತ್ತಾಳೆಯ ಹಿಡಿಗಳು ಸಾಲಾಗಿ ಹನ್ನೆರಡಿದ್ದರೆ ನೋಡಲು ಚಂದ, ಫೋಟೋಗೆ ಇನ್ನೂ ಚಂದ. ಆದರೆ ಹನ್ನೆರಡರಲ್ಲಿ ಓಡುವುದು ಮೂರು: ಗೋಧಿ, ಲಾಗರ್, ಋತುವಿದ್ದಾಗ ಮಾವು. 30 ಲೀಟರಿನ ಕೆಗ್‌ನಲ್ಲಿ ಸುಮಾರು ತೊಂಬತ್ತು ಗ್ಲಾಸು. ದಿನಕ್ಕೆ ಮೂರು ಗ್ಲಾಸು ಹೋಗುವ ಸ್ಟೌಟಿನ ಕೆಗ್ ಖಾಲಿಯಾಗಲು ಒಂದು ತಿಂಗಳು ಬೇಕು. ಅಷ್ಟು ದಿನವೂ ಅದರ ಪೈಪಿನಲ್ಲಿ ಬಿಯರ್ ಹರಿಯುವುದಕ್ಕಿಂತ ನಿಂತಿರುವುದೇ ಹೆಚ್ಚು. ಹೊಸದನ್ನು ಸವಿಯುವ ಆಸೆಯಿಂದ ಬೋರ್ಡಿನ ಕೆಳತುದಿಯ ಬಿಯರನ್ನು ಕೇಳುವವನಿಗೇ ಅತಿ ಹಳೆಯದು ಸಿಗುವ ವಿಪರ್ಯಾಸ ಇದು.

ಹಾಗಾದರೆ ಟ್ಯಾಂಕಿನಿಂದಲೇ ಸುರಿಯುವ ಬ್ರೂಪಬ್‌ಗಳು ಪವಿತ್ರವೇ? ಅಲ್ಲ. ಅವುಗಳ ಕಾಯಿಲೆ ಬೇರೆ, ಅದು ಮುಪ್ಪಿನದಲ್ಲ, ಹಸಿತನದ್ದು. ಗೋಧಿ ಬಿಯರಿಗೆ ಎರಡು ಮೂರು ವಾರವಾದರೂ ಬೇಕು, ಲಾಗರಿಗೆ ತಿಂಗಳಿಗಿಂತ ಹೆಚ್ಚು. ಶುಕ್ರವಾರ, ಶನಿವಾರ, ಅದರ ಮೇಲೊಂದು ಐಪಿಎಲ್ ಪಂದ್ಯ ಬಂದರೆ ಟ್ಯಾಂಕು ಬರಿದು. ಭಾನುವಾರ ಮಧ್ಯಾಹ್ನ ‘ಇಲ್ಲ’ ಎಂದು ಹೇಳುವ ಧೈರ್ಯ ಎಲ್ಲ ಮಾಲೀಕರಿಗೂ ಇರುವುದಿಲ್ಲ. ಹುದುಗುವಾಗ ಯೀಸ್ಟು ಮೊದಲು ಹಸಿ ಸೇಬಿನ ವಾಸನೆ, ಬೆಣ್ಣೆಯ ವಾಸನೆ ಎರಡನ್ನೂ ಹುಟ್ಟಿಸುತ್ತದೆ, ಆಮೇಲೆ ಕೊನೆಯ ಕೆಲವು ದಿನಗಳಲ್ಲಿ ತಾನೇ ಅವನ್ನು ಹೀರಿಕೊಂಡು ಶುಚಿ ಮಾಡುತ್ತದೆ. ಆ ಕೊನೆಯ ದಿನಗಳನ್ನು ಕದ್ದರೆ ಬಿಯರ್ ಕುಡಿಯುವಂತಿರುತ್ತದೆ, ಆದರೆ ಮುಗಿದಿರುವುದಿಲ್ಲ.

ಒಂದೇ ಬ್ರೂಪಬ್ಬಿನ ಗೋಧಿ ಬಿಯರು ತಿಂಗಳಿಂದ ತಿಂಗಳಿಗೆ ಬದಲಾಗುವುದಕ್ಕೂ ಕಾರಣ ಹುಡುಕಬಹುದು. ಹುದುಗುವ ಶಾಖ ಎರಡು ಮೂರು ಡಿಗ್ರಿ ಏರಿದರೆ ಬಾಳೆಹಣ್ಣು ಮುಂದೆ ಬರುತ್ತದೆ, ಲವಂಗ ಹಿಂದೆ ಸರಿಯುತ್ತದೆ. ಒಂದೇ ಯೀಸ್ಟನ್ನು ಒಂದು ಸಾರಿ ತೆಗೆದು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಬಳಸುತ್ತಾ ಹೋದರೆ ತಲೆಮಾರು ಕಳೆದಂತೆ ಅದರ ಸ್ವಭಾವವೇ ಬದಲಾಗುತ್ತದೆ. ನೀರು ಒಂದು ದಿನ ನೂರು ಕಿಲೋಮೀಟರ್ ದೂರದಿಂದ ಬಂದ ಕಾವೇರಿ, ಇನ್ನೊಂದು ದಿನ ಟ್ಯಾಂಕರಿನ ಬೋರ್‌ವೆಲ್. ಆರ್‌ಒ ಯಂತ್ರದಲ್ಲಿ ಎಲ್ಲವನ್ನೂ ಬರಿದು ಮಾಡಿ ಬೇಕಾದ ಲವಣ ಮತ್ತೆ ಸೇರಿಸುವ ಶಿಸ್ತು ಇಲ್ಲದಿದ್ದರೆ ಗ್ಲಾಸಿನಲ್ಲಿ ಗೊತ್ತಾಗುತ್ತದೆ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ ಈ ಊರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಸುತ್ತಮುತ್ತ. ಜರ್ಮನಿಯ ತಗ್ಗಿನ ಊರಿನ ಪಾಕವಿಧಾನವನ್ನು ನಿಮಿಷ ನಿಮಿಷಕ್ಕೂ ಹಾಗೇ ಇಳಿಸಿದರೆ ಹಾಪ್ಸಿನ ಕಹಿ ಅಷ್ಟೇ ಪ್ರಮಾಣದಲ್ಲಿ ಹೊರಬರುವುದಿಲ್ಲ. ಒಳ್ಳೆಯ ಬ್ರೂವರ್‌ಗೆ ಇದೆಲ್ಲ ಅಂಗೈ ನೆಲ್ಲಿಕಾಯಿ. ಆದರೆ ಬ್ರೂಪಬ್‌ಗಳು ಹೆಚ್ಚಿದ ವೇಗದಲ್ಲಿ ಒಳ್ಳೆಯ ಬ್ರೂವರ್‌ಗಳು ಹೆಚ್ಚಿಲ್ಲ. ಇರುವವರನ್ನು ಪಕ್ಕದವರು ಹೆಚ್ಚು ಸಂಬಳ ಕೊಟ್ಟು ಸೆಳೆಯುತ್ತಾರೆ, ಮರುತಿಂಗಳು ಹಳೇ ಮೆನುವಿನ ಹೆಸರಿನಲ್ಲಿ ಹೊಸ ಬಿಯರ್.

ಗ್ಲಾಸಿನ ವಿಷಯ ಬೇಗ ಮುಗಿಸುತ್ತೇನೆ. ಎಣ್ಣೆಯ ಪಸೆ, ಸೋಪಿನ ಪದರ, ತುಟಿಯ ಬಣ್ಣ, ಇವು ನೊರೆಯನ್ನು ಕೊಲ್ಲುತ್ತವೆ. ಬಿಯರ್ ಸುರಿದಾಗ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಆ ಗ್ಲಾಸು ತೊಳೆದದ್ದು ಸಾಲದು. ಶುಚಿಯಾದ ಗ್ಲಾಸಿನಲ್ಲಿ ಪ್ರತಿ ಗುಟುಕಿಗೂ ನೊರೆಯ ಬಳೆಯೊಂದು ಉಳಿಯುತ್ತದೆ. ಇನ್ನು ‘ಚಿಲ್ಡ್’ ಮಗ್. ಫ್ರೀಜರಿನಿಂದ ತೆಗೆದ, ಮಂಜು ಹಿಡಿದ ಮಗ್‌ನಲ್ಲಿ ಕೊಡುವುದನ್ನು ಉಪಚಾರ ಎಂದುಕೊಂಡಿದ್ದೇವೆ. ಅಷ್ಟು ತಂಪಿನಲ್ಲಿ ನಾಲಗೆ ಮರಗಟ್ಟುತ್ತದೆ, ಒಳ್ಳೆಯದೂ ತಿಳಿಯದು ಕೆಟ್ಟದ್ದೂ ತಿಳಿಯದು. ಹಳಸಿದ ಬಿಯರನ್ನು ಮಾರಬೇಕಾದವನಿಗೆ ಅದಕ್ಕಿಂತ ದೊಡ್ಡ ವರ ಬೇಕೆ? ಮಗ್ ಅರ್ಧವಾಗಿ ಬಿಯರ್ ಸ್ವಲ್ಪ ಬೆಚ್ಚಗಾದ ಮೇಲೆ ಬರುವ ರುಚಿಯೇ ನಿಜವಾದದ್ದು.

ಬೇರೆ ಕಡೆ ಏನು ಮಾಡಿದ್ದಾರೆ? ಬ್ರಿಟನ್ನಿನ ಕಾಸ್ಕ್ ಬಿಯರ್ ಇದಕ್ಕಿಂತ ನಾಜೂಕಿನದು. ಪೀಪಾಯಿ ತೆರೆದರೆ ಒಳಗೆ ಗಾಳಿ ಹೋಗುತ್ತದೆ, ಮೂರು ದಿನದಲ್ಲಿ ಮುಗಿಸಬೇಕು, ನೆಲಮಾಳಿಗೆ 11ರಿಂದ 13 ಡಿಗ್ರಿಯಲ್ಲಿರಬೇಕು. ಅಲ್ಲಿಯೂ ಕೆಟ್ಟ ಬಿಯರಿನ ದೂರುಗಳು ಹೆಚ್ಚಿ, 1990ರ ದಶಕದ ಕೊನೆಗೆ ಕಾಸ್ಕ್ ಮಾರ್ಕ್ ಎಂಬ ವ್ಯವಸ್ಥೆ ಬಂತು. ಪರೀಕ್ಷಕರು ಹೇಳದೆ ಬರುತ್ತಾರೆ, ಉಷ್ಣಮಾಪಕ ಅದ್ದುತ್ತಾರೆ, ನೋಡುತ್ತಾರೆ, ಮೂಸುತ್ತಾರೆ, ಕುಡಿಯುತ್ತಾರೆ. ಪಾಸಾದ ಪಬ್ಬಿನ ಬಾಗಿಲಿಗೆ ಫಲಕ. ಅಮೆರಿಕದಲ್ಲಿ ರೇ ಡೇನಿಯಲ್ಸ್ ಎಂಬಾತ 2007ರಲ್ಲಿ ಸಿಸರೋನ್ ಎಂಬ ಪರೀಕ್ಷೆ ಹುಟ್ಟುಹಾಕಿದ, ಬಿಯರ್ ಬಡಿಸುವವರಿಗೆ. ಅದರ ಪಠ್ಯದಲ್ಲಿ ಲೈನ್ ತೊಳೆಯುವುದೂ ಒಂದು ಪಾಠ. ಜೆಕ್ ದೇಶದವರಿಗೆ ಇಂಥ ಪರೀಕ್ಷೆಯ ಹಂಗಿಲ್ಲ, ಅಲ್ಲಿ ನಲ್ಲಿ ಹಿಡಿಯುವವನೇ ಮರ್ಯಾದಸ್ಥ ಕಸುಬುದಾರ. ಬ್ರೂವರಿ ಕಾಯಿಸುತ್ತದೆ ಅಷ್ಟೆ, ಸುರಿಯುವವನು ಅದನ್ನು ಬಿಯರ್ ಮಾಡುತ್ತಾನೆ ಎಂಬ ನಂಬಿಕೆ ಅವರದು. ನಮ್ಮಲ್ಲಿ ಸುರಿಯುವವನು ಸಾಮಾನ್ಯವಾಗಿ ಹೋದ ತಿಂಗಳು ಕೆಲಸಕ್ಕೆ ಸೇರಿದ ಹುಡುಗ. ಅವನಿಗೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ‘ಹಂಗೇ ಇರೋದು ಸರ್’ ಎಂಬ ಉತ್ತರ ಸುಳ್ಳಲ್ಲ, ಅವನು ನೋಡಿರುವುದೇ ಅದನ್ನು.

ಅಬಕಾರಿ ಇಲಾಖೆ ಇದರಲ್ಲಿ ಏನಾದರೂ ಮಾಡೀತೇ ಎಂದು ಕೇಳುವವರಿದ್ದಾರೆ. ಅಬಕಾರಿಯ ಲೆಕ್ಕ ಲೀಟರಿನದು, ಸುಂಕದ್ದು. ರುಚಿ ಅವರ ಖಾತೆಯಲ್ಲ, ಆಗುವುದೂ ಬೇಡ. ಆಗಬಲ್ಲ ಸಣ್ಣ ಕೆಲಸವೊಂದಿದೆ. ಬಾಟಲಿಯ ಮೇಲೆ ತಾರೀಖಿದೆ, ಡಬ್ಬಿಯ ಮೇಲಿದೆ, ಕೆಗ್ಗಿನ ಮೇಲೂ ಇರುತ್ತದೆ. ಆದರೆ ಕೆಗ್ ಬಾರಿನ ಅಡಿಯಲ್ಲೋ ಕೋಲ್ಡ್ ರೂಮಿನಲ್ಲೋ ಇರುವುದರಿಂದ ಆ ತಾರೀಖು ಗ್ರಾಹಕನ ಕಣ್ಣಿಗೆ ಬೀಳುವುದೇ ಇಲ್ಲ. ಬಿಯರಿನ ಹೆಸರು, ಆಲ್ಕೋಹಾಲ್ ಪ್ರಮಾಣ, ಕಹಿಯ ಅಂಕಿಗಳನ್ನು ಸೀಮೆಸುಣ್ಣದಲ್ಲಿ ಬರೆಯುವ ಆ ಕಪ್ಪು ಹಲಗೆಯ ಮೇಲೆ, ಕೆಗ್ ತೆರೆದ ದಿನವನ್ನೂ ಬರೆಯಲಿ. ಒಂದು ಸಾಲು ಸಾಕು. ಬ್ರೂವರಿಗಳು ಕೂಡ ತಮ್ಮ ಹೆಸರಿನ ಹಿಡಿ ಇರುವ ನಲ್ಲಿಗಳನ್ನು ತಾವೇ ಹೋಗಿ ತೊಳೆದು ಬರುವುದು ಒಳಿತು. ಕೆಟ್ಟ ಗ್ಲಾಸು ಕುಡಿದವನು ಹೋಟೆಲನ್ನು ಬೈಯುವುದಿಲ್ಲ, ಬಿಯರಿನ ಹೆಸರನ್ನು ಬೈಯುತ್ತಾನೆ.

ನಮ್ಮ ಪಾಲೂ ಇದರಲ್ಲಿ ಉಂಟು. ದರ್ಶಿನಿಯಲ್ಲಿ ಹದಿನೈದು ಇಪ್ಪತ್ತು ರೂಪಾಯಿಯ ಕಾಫಿ ಆರಿದ್ದರೆ ಲೋಟ ಹಿಡಿದು ಸೀದಾ ಕೌಂಟರಿಗೆ ಹೋಗುತ್ತೇವೆ: “ಏನ್ರೀ ಇದು, ಬಿಸಿ ಮಾಡಿಕೊಡಿ.” ಡಿಕಾಕ್ಷನ್ ಹಳೆಯದಾದರೆ ಮೂಸಿಯೇ ಹೇಳುತ್ತೇವೆ. ಅದೇ ನಾವು, ಮಂದ ಬೆಳಕಿನ ಕೋಣೆಯಲ್ಲಿ 300–400 ರೂಪಾಯಿ ತೆತ್ತು, ಮೇಲೆ ಸರ್ವಿಸ್ ಚಾರ್ಜೂ ಕೊಟ್ಟು, ಹುಳಿ ಬಂದ ಬಿಯರನ್ನು ಮಾತಿಲ್ಲದೆ ನುಂಗುತ್ತೇವೆ. ರುಚಿ ಗೊತ್ತಿಲ್ಲದವನು ಎಂದು ಯಾರಾದರೂ ತಿಳಿದಾರು ಎಂಬ ಅಂಜಿಕೆ. ಪಕ್ಕದ ಟೇಬಲಿನವನೂ ಅದೇ ಅಂಜಿಕೆಯಲ್ಲಿ ಕುಡಿಯುತ್ತಿರುತ್ತಾನೆ. ಹೆಚ್ಚಿನ ಬ್ರೂಪಬ್‌ಗಳಲ್ಲಿ ಕೇಳಿದರೆ ಸಣ್ಣ ಲೋಟದಲ್ಲಿ ರುಚಿ ನೋಡಲು ಕೊಡುತ್ತಾರೆ, ಕೇಳುವವರೇ ಕಡಿಮೆ. ‘ಯಾವುದು ಚೆನ್ನಾಗಿದೆ’ ಅನ್ನುವುದಕ್ಕಿಂತ ‘ಯಾವುದು ಈ ವಾರ ತೆಗೆದದ್ದು’ ಎಂದು ಕೇಳಿದರೆ ಉಪಯೋಗ ಹೆಚ್ಚು. ಮೊದಲ ಪ್ರಶ್ನೆಗೆ ‘ಎಲ್ಲಾ ಚೆನ್ನಾಗಿದೆ ಸರ್’ ಎಂಬ ಉತ್ತರ ಸಿದ್ಧವಿರುತ್ತದೆ. ಎರಡನೆಯದಕ್ಕೆ ಹುಡುಗ ಒಳಗೆ ಹೋಗಿ ಯಾರನ್ನಾದರೂ ವಿಚಾರಿಸಬೇಕಾಗುತ್ತದೆ, ಆ ನೆವದಲ್ಲಾದರೂ ಒಬ್ಬರು ಕೆಗ್ಗಿನ ಮುಖ ನೋಡುತ್ತಾರೆ.

ಹೀಗೆ ಕೇಳಿದಾಗ ಒಮ್ಮೆ ಬಾರಿನ ಹಿಂದಿದ್ದ ಯುವಕ ನನಗೆ ಅಪರೂಪದ ಪ್ರಾಮಾಣಿಕ ಉತ್ತರ ಕೊಟ್ಟ. “ಇವತ್ತು ಸ್ಟೌಟ್ ಬೇಡ ಬಿಡಿ ಸರ್. ಕೆಗ್ ಓಪನ್ ಮಾಡಿ ಬಹಳ ದಿನ ಆಯ್ತು. ಇನ್ನೊಂದು ನಾಕು ಗ್ಲಾಸ್ ಹೋಗ್ಬಿಟ್ರೆ ಹೊಸ ಕೆಗ್ ಹಾಕ್ತೀವಿ, ಆಗ ಬನ್ನಿ.” ಧನ್ಯವಾದ ಹೇಳಿ ಗೋಧಿಯದನ್ನೇ ತರಿಸಿಕೊಂಡೆ, ಚೆನ್ನಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಆಫೀಸಿನ ಗುಂಪೊಂದು ಬಂದು ನನ್ನ ಹಿಂದಿನ ಟೇಬಲಿನಲ್ಲಿ ಕೂತಿತು. ಅವರಲ್ಲೊಬ್ಬ ಮೆನು ತಿರುಗಿಸುತ್ತಾ, ‘ಏನಾದರೂ ಡಿಫರೆಂಟ್ ಟ್ರೈ ಮಾಡೋಣ’ ಎಂದು ಸ್ಟೌಟ್ ಹೇಳಿದ. ನಾಕು ಗ್ಲಾಸ್.